ಒಬ್ಬಳೇ ಕೂರುವ ಕಾಯಿಲೆ

ನನಗೆ ಜನ ಕಂಡರೆ ಆಗುವುದಿಲ್ಲ ಎಂದೇನಲ್ಲ. ಅವರು ಬಂದು, ಕಾಫಿ ಕುಡಿದು, ಎದ್ದು, ಚಪ್ಪಲಿ ಮೆಟ್ಟಿಕೊಂಡು ಗೇಟು ದಾಟಿ ಹೋಗುವುದನ್ನು ನೋಡುವಾಗ ಅವರ ಮೇಲೆ ನನಗೆ ಬಹಳ ಪ್ರೀತಿ ಉಕ್ಕುತ್ತದೆ. ಕಷ್ಟವೇನೆಂದರೆ ನಮ್ಮ ಮನೆಯಲ್ಲಿ ಯಾರೂ ಹಾಗೆ ಹೋಗುವುದಿಲ್ಲ. ಒಬ್ಬರು ಎದ್ದರೆ ಆ ಜಾಗಕ್ಕೆ ಇನ್ನೊಬ್ಬರು ಬಂದು ಕೂರುತ್ತಾರೆ, ಮಧುಗಿರಿ ಬಸ್ಸಿನ ಸೀಟಿನ ಹಾಗೆ. ಎಪ್ಪತ್ತು ದಾಟಿದ ಹೆಂಗಸು ಒಂದು ಗಳಿಗೆ ಒಬ್ಬಳೇ ಕೂರಬೇಕು ಅಂದರೆ ನಮ್ಮ ಕಡೆ ಸೊಸೆಯ ಮೇಲೆ ಮುನಿಸಿಕೊಂಡಿದ್ದಾಳೆ ಅನ್ನುತ್ತಾರೆ, ಇಲ್ಲವೇ ಗಾಳಿ ಮೆಟ್ಟಿಕೊಂಡಿದೆ ಅನ್ನುತ್ತಾರೆ, ಅದೂ ಅಲ್ಲವೆಂದರೆ ಹೊಟ್ಟೆ ಕೆಟ್ಟಿದೆಯಾ ಎಂದು ಕೇಳುತ್ತಾರೆ. ಸುಮ್ಮನೆ ಕೂರುವ ಆಸೆ ಇರಬಹುದು ಎಂದು ಒಬ್ಬರಿಗೂ ಹೊಳೆಯುವುದಿಲ್ಲ. ಈ ಜನ್ಮದಲ್ಲಿ ಹೊಳೆಯುವ ನಂಬಿಕೆಯೂ ನನಗೆ ಹೋಗಿದೆ.

ನಮ್ಮೂರು ದೊಡ್ಡೇರಿ ಕಡೆ. ಮನೆಯಲ್ಲಿ ನಾನಲ್ಲದೆ ಇನ್ನು ಮೂವರು. ಮಗ ರಂಗನಾಥ ಲಗೇಜ್ ಆಟೊ ಓಡಿಸುತ್ತಾನೆ. ಸೊಸೆ ನಾಗರತ್ನ ಆಶಾ ಕಾರ್ಯಕರ್ತೆ. ಊರಿನ ಬಸುರಿ ಬಾಣಂತಿಯರು, ಬಿ.ಪಿ. ಶುಗರಿನವರು, ಎಲ್ಲರ ಹೊಟ್ಟೆಯೊಳಗಿನ ಸಮಾಚಾರವೂ ಅವಳಿಗೆ ಗೊತ್ತು. ಮೂರನೆಯವಳು ನನ್ನ ಗಂಡನ ತಂಗಿ ಅಂಜಿನಮ್ಮ. ಅವಳನ್ನು ಪಾವಗಡದ ಆಚೆ ವಳ್ಳೂರಿನ ಕಡೆಗೆ ಕೊಟ್ಟಿತ್ತು. ಅವಳ ಹೊಲ ಸೋಲಾರಿಗೆ ಗುತ್ತಿಗೆ ಹೋಯಿತು. ಮನೆಯ ಸುತ್ತ ಕಣ್ಣು ಹಾಯುವವರೆಗೂ ನೀಲಿ ಹಲಗೆಗಳು ಬಿಸಿಲಿಗೆ ಮುಖ ಮಾಡಿ ನಿಂತಿವೆ. ಹೊಲಕ್ಕೆ ಹೋಗುವವರಿಲ್ಲ, ಬರುವವರಿಲ್ಲ, ಜಗುಲಿಯಲ್ಲಿ ಕೂತರೆ ಮಾತಾಡಿಸುವವರಿಲ್ಲ. ಅಷ್ಟು ನೆಮ್ಮದಿಯ ಜಾಗ ದೇವರು ಕೊಟ್ಟರೆ ಇವಳು "ಒಕ್ಕತ್ತೇ ಎಟ್ಲಾ ಉಂಡೇದಿ ವದಿನಾ" ಎಂದು ಅಳುತ್ತ ಎರಡು ದಿನಕ್ಕೆಂದು ನಮ್ಮ ಮನೆಗೆ ಬಂದಳು. ವದಿನಾ ಅಂದರೆ ಆ ಕಡೆಯವರ ಬಾಯಲ್ಲಿ ಅತ್ತಿಗೆ. ಒಬ್ಬಳೇ ಹೇಗಿರಲಿ ಅತ್ತಿಗೆ ಅಂತ ಕೇಳಿದ್ದು. ಹೇಗಿರಬೇಕು ಅಂತ ನಾನು ಹೇಳಿಕೊಡುತ್ತಿದ್ದೆ, ಅವಳು ನನ್ನ ಬಾಯಿಗೆ ಜಾಗ ಕೊಟ್ಟಿದ್ದರೆ. ಆ ಎರಡು ದಿನ ಇನ್ನೂ ಮುಗಿದಿಲ್ಲ. ನನ್ನ ಗಂಡ ಹೋಗಿ ಬಹಳ ವರ್ಷವಾಯಿತು. ಅವನಾದರೂ ಹೋದನಲ್ಲ ಅಂದುಕೊಂಡರೆ ನಡುಮನೆಯಲ್ಲಿ ಅವನ ಫೋಟೊ ಹಾಕಿದ್ದಾರೆ. ಯಾವ ಮೂಲೆಯಲ್ಲಿ ಕೂತರೂ ನನ್ನನ್ನೇ ನೋಡುತ್ತದೆ. ಇದ್ದಾಗ ಅಷ್ಟು ನೋಡಿದವನಲ್ಲ.

ಒಬ್ಬಳೇ ಕೂತು ಏನು ಮಾಡುತ್ತೀಯ ಎಂದು ನೀವು ಕೇಳಬಹುದು. ಎಲ್ಲರೂ ಕೇಳುತ್ತಾರೆ. ಏನೂ ಮಾಡದಿರುವುದೇ ಅದರ ಸುಖ. ಅದಲ್ಲದೆ ನನಗೆ ಒಂದಿಷ್ಟು ಓದುವ ಚಟವಿದೆ. ನಾನು ಸ್ಕೂಲಿಗೆ ಹೋದವಳಲ್ಲ. ಮಗ ಹುಟ್ಟಿದ ಮೇಲೆ ಊರಿನಲ್ಲಿ ದೊಡ್ಡವರಿಗೆ ಅಂತ ರಾತ್ರಿ ಶಾಲೆ ನಡೆಸಿದರು. ಅಲ್ಲಿ ನಾವು ಹೆಂಗಸರೆಲ್ಲ ಸಾಲಾಗಿ ಕೂತು, ಮೇಷ್ಟ್ರು ಕೋಲಿಟ್ಟ ಅಕ್ಷರವನ್ನು ಊರಾಚೆಯ ಕೆರೆ ಏರಿಗೆ ಕೇಳುವ ಹಾಗೆ ಕೂಗುತ್ತಿದ್ದೆವು. ಕೂಗಿ ಕಲಿತದ್ದು ಕೂಗಿದರೇ ಬರುತ್ತದೆ. ಬಾಯಿ ಮುಚ್ಚಿದರೆ ನನಗೆ ಅಕ್ಷರ ಬರಿಯ ಇರುವೆ ಸಾಲು. ಬಾಯಿಬಿಟ್ಟು, ಗಟ್ಟಿಯಾಗಿ, ಒಂದೊಂದೇ ಒತ್ತನ್ನು ಒತ್ತಿ ಹೇಳಿದರೆ ಮಾತ್ರ ಅದು ಮಾತಾಗಿ ಕಿವಿಗೆ ಬೀಳುತ್ತದೆ, ಕಿವಿಯಿಂದ ತಲೆಗೆ ಹೋಗುತ್ತದೆ. ಓದು ಬಲ್ಲವರು ಪುಸ್ತಕ ಹಿಡಿದು ಮಿಸುಕಾಡದೆ ಕೂರುತ್ತಾರಲ್ಲ, ಅವರು ಓದುತ್ತಿದ್ದಾರೆಂದು ನಾನು ಬಹಳ ಕಾಲ ನಂಬಿರಲಿಲ್ಲ. ಚಿತ್ರ ನೋಡುತ್ತಿದ್ದಾರೆ ಅಂದುಕೊಂಡಿದ್ದೆ.

ಹೀಗೆ ಕೂಗಿ ಓದುವವಳು ತುಂಬಿದ ಮನೆಯಲ್ಲಿ ಕಥೆ ಓದಿದರೆ ಏನಾಗುತ್ತದೆ ಕೇಳಿ. ಪಂಚಾಯ್ತಿ ಲೈಬ್ರರಿಯಿಂದ ಒಂದು ದಪ್ಪ ಕಾದಂಬರಿ ತಂದಿದ್ದೆ. ರಟ್ಟು ಕಿತ್ತುಹೋಗಿತ್ತು, ಹಾಗಾಗಿ ಹೆಸರೂ ಗೊತ್ತಿಲ್ಲ, ಬರೆದವರೂ ಗೊತ್ತಿಲ್ಲ. ಒಬ್ಬ ಹೆಂಗಸು ಕಂಕುಳಲ್ಲಿ ಒಂದು ಗಂಟು ಇಟ್ಟುಕೊಂಡು ಮನೆ ಬಿಟ್ಟು ಬಂದು ಬಸ್‌ಸ್ಟ್ಯಾಂಡಿನಲ್ಲಿ ಕೂರುತ್ತಾಳೆ. ಯಾರು ಕೇಳಿದರೂ ಗಂಟು ಬಿಚ್ಚುವುದಿಲ್ಲ. ನನಗೆ ಅದುವರೆಗೆ ಸಿಕ್ಕ ಕಥೆ ಅಷ್ಟೇ. ನಾನು ನಡುಮನೆಯಲ್ಲಿ ಕೂತು ಇಷ್ಟು ಓದುವುದೇ ತಡ, ಒಳಗಿನಿಂದ ಅಂಜಿನಮ್ಮ, "ಬಂಗಾರಂ ವದಿನಾ, ಬಂಗಾರಮೇ. ಇನ್ನೇನಿರ್ತದೆ?" ಅಂದಳು.

"ಬಂಗಾರ ಇದ್ರೆ ಬಸ್‌ಸ್ಟ್ಯಾಂಡ್ನಾಗೆ ಯಾಕ್ ಕುಂತ್ಕಂತಾಳೆ? ಮಗೀನೇ ಇರ್ಬೇಕು," ಎಂದು ನಾಗರತ್ನ ಈರುಳ್ಳಿ ಹೆಚ್ಚುತ್ತಲೇ ಹೇಳಿದಳು. "ಅತ್ತೆ, ಅವ್ಳಿಗೆ ಹೆರಿಗೆ ಎಲ್ಲಾತಂತೆ? ಬರ್ದವ್ರಾ?"

"ಮಗು ಆದ್ರೆ ಅಳಲ್ವೇನೆ? ಮಾವನ್ ಮನೆ ಕಾಗದಪತ್ರ ಎತ್ಕಂಡ್ ಬಂದವ್ಳೆ ಕಣ್ಲಾ ಇವ್ಳು," ಎಂದು ರಂಗನಾಥ ಶರ್ಟು ಬಿಚ್ಚುತ್ತ ಒಳಗೆ ಬಂದ.

ಕಣ್ಲಾ ಎಂದು ಯಾರಿಗೆ ಹೇಳಿದನೋ, ಅಲ್ಲಿದ್ದವರು ಹೆಂಗಸರೇ. ಅವರ ಜಗಳ ಮುಗಿಯುವಷ್ಟರಲ್ಲಿ ನನಗೆ ಸಾಲು ತಪ್ಪಿತ್ತು. ಮತ್ತೆ ಮೊದಲಿಂದ ಓದಿದೆ. ಗಂಟಿನ ಹತ್ತಿರ ಬಂದ ಕೂಡಲೇ ಮತ್ತೆ ಶುರು. ಆ ಹೆಂಗಸು ಎಷ್ಟೋ ತಿಂಗಳಿಂದ ನಮ್ಮ ನಡುಮನೆಯ ಬಸ್‌ಸ್ಟ್ಯಾಂಡಿನಲ್ಲೇ ಕೂತಿದ್ದಳು. ಅವಳ ಬಸ್ಸು ಬರಲಿಲ್ಲ.

ಕ್ಯಾಲೆಂಡರಿನಲ್ಲಿ ಸರಸ್ವತಿ ಒಬ್ಬಳೇ ಕಲ್ಲಿನ ಮೇಲೆ ವೀಣೆ ಹಿಡಿದು ಕೂತಿರುವ ಚಿತ್ರವನ್ನು ನಾನು ಹೊಟ್ಟೆಕಿಚ್ಚಿನಿಂದ ನೋಡುತ್ತೇನೆ. ಹಿಂದೆ ನೀರು, ಪಕ್ಕದಲ್ಲಿ ಹಂಸ. ಹಂಸಕ್ಕೆ ಮಾತು ಬರುವುದಿಲ್ಲ. "ಅಕ್ಕಿ ಎಲ್ಲಿಟ್ಟಿದ್ದೀಯ" ಎಂದು ಯಾರೂ ಅವಳನ್ನು ಕೇಳುವುದಿಲ್ಲ. ಋಷಿಗಳದ್ದೂ ಅಷ್ಟೆ. ಮರದ ಕೆಳಗೆ ಕಣ್ಣು ಮುಚ್ಚಿ ಕೂತರೆ ಹುತ್ತ ಬೆಳೆಯುವವರೆಗೂ ಯಾರೂ ಎಬ್ಬಿಸಲಿಲ್ಲವಂತೆ. ನಮ್ಮ ಮನೆಯಲ್ಲಾದರೆ ಮೊದಲ ಹಿಡಿ ಮಣ್ಣು ಏರುವ ಮೊದಲೇ ಎಬ್ಬಿಸಿ, "ಗೆದ್ದಲು ಹತ್ತುತ್ತದೆ, ಈಕಡೆ ಕುಂತ್ಕೋ" ಅನ್ನುತ್ತಿದ್ದರು. ಒಂದು ಸಲ ನನಗೂ ತಲೆ ಕೆಟ್ಟು, ಋಷಿಗಳ ಜಾಗವನ್ನೇ ನೋಡೋಣ ಎಂದು ಕೊರಟಗೆರೆ ಕಡೆಯ ಸಿದ್ದರಬೆಟ್ಟ ಹತ್ತಿದೆ. ಮಂಡಿ ಹಿಡಿದುಕೊಂಡು, ಕೂತು ಎದ್ದು, ಗವಿಯ ಹತ್ತಿರ ಹೋದರೆ ಅಲ್ಲಿ ಸಾಲು ನಿಂತಿತ್ತು. ಧ್ಯಾನ ಮಾಡಲು ಒಳಗೆ ಹೋದವರನ್ನು ಹೊರಗಿದ್ದವರು, "ಬೇಗ ಬೇಗ ಧ್ಯಾನ ಮುಗ್ಸಿ, ನಮ್ಗೂ ಬಸ್ಸೈತೆ" ಎಂದು ಕೂಗುತ್ತಿದ್ದರು. ನನ್ನ ಹಿಂದಿದ್ದ ಶಿರಾದ ಹೆಂಗಸೊಬ್ಬಳು ನನ್ನ ಜಾತಕವನ್ನೆಲ್ಲ ಕೇಳಿ ತಿಳಿದುಕೊಂಡು, ಇಳಿಯುವಾಗ ಕೈ ಹಿಡಿದುಕೊಂಡು ಬಂದು, ನಾಗರತ್ನನ ನಂಬರೂ ಬರೆದುಕೊಂಡಳು. ಈಗಲೂ ಫೋನು ಮಾಡಿ "ಅಜ್ಜಿ ಹುಷಾರಾ" ಎಂದು ಕೇಳುತ್ತಾಳೆ. ಒಂಟಿತನ ಹುಡುಕಿಕೊಂಡು ಹೋಗಿ ಒಬ್ಬಳನ್ನು ಜಾಸ್ತಿ ಮಾಡಿಕೊಂಡು ಬಂದೆ.

ನನ್ನ ಇಡೀ ಬದುಕಿನಲ್ಲಿ ನಾನು ಒಬ್ಬಳೇ ಇದ್ದ ಜಾಗ ಒಂದೇ. ನಮ್ಮ ಮನೆಯ ಹಿತ್ತಲಲ್ಲಿ, ದನದ ಕೊಟ್ಟಿಗೆ ದಾಟಿದರೆ, ಒಂದು ಸಣ್ಣ ಕಲ್ಲಿನ ಕೋಣೆಯಿದೆ. ಗೋಡೆಗೂ ಚಪ್ಪಡಿ, ಮೇಲೂ ಚಪ್ಪಡಿ, ಬಗ್ಗಿ ಹೋಗುವಂಥ ಬಾಗಿಲು. ಹಿಂದೆ ಮನೆಯ ಹೆಂಗಸರು ತಿಂಗಳಿಗೊಮ್ಮೆ ಹೊರಗಾದಾಗ ಮೂರು ದಿನ ಅಲ್ಲಿರಬೇಕಾಗಿತ್ತು. ಒಲೆ ಮುಟ್ಟುವಂತಿಲ್ಲ, ಬಿಂದಿಗೆ ಮುಟ್ಟುವಂತಿಲ್ಲ, ದೇವರಿರಲಿ, ದೇವರ ಕಡೆಯ ಗೋಡೆಗೂ ಒರಗುವಂತಿಲ್ಲ. ಅತ್ತೆ ಮುದ್ದೆಯನ್ನು ದೂರದಿಂದ ತಟ್ಟೆಗೆ ಜಾರಿಸಿ ಹೋಗುತ್ತಿದ್ದಳು. ಮದುವೆಯಾಗಿ ಬಂದ ಮೊದಲ ತಿಂಗಳು ನಾನು ಅಲ್ಲಿ ಕೂತು ಅತ್ತುಬಿಟ್ಟೆ. ಎರಡನೆಯ ತಿಂಗಳು ಮಲಗಿ ನಿದ್ದೆ ಮಾಡಿದೆ. ಮೂರನೆಯ ತಿಂಗಳಿಂದ ಯಾವಾಗ ಬರುತ್ತದೋ ಎಂದು ಕಾಯತೊಡಗಿದೆ. ಯಾರೂ ನನ್ನನ್ನು ಕೂಗುವಂತಿಲ್ಲ! ಕೂಗಿದರೂ ನಾನು ಏನನ್ನೂ ಮಾಡಿಕೊಡುವಂತಿಲ್ಲ! ಚಪ್ಪಡಿಯ ಸಂದಿನಲ್ಲಿ ಬಿಸಿಲು ಗೋಡೆಯಿಂದ ಗೋಡೆಗೆ ನಡೆಯುವುದನ್ನು ನೋಡುತ್ತ, ಬಾಯಿಗೆ ಬಂದ ಪದವನ್ನು ರಾಗ ಕೆಟ್ಟರೂ ಚಿಂತೆಯಿಲ್ಲದೆ ಹಾಡಿಕೊಳ್ಳುತ್ತ, ಇದ್ದಿಲಲ್ಲಿ ಗೋಡೆಯ ಮೇಲೆ ರಂಗೋಲಿ ಗೀಚುತ್ತ ಇರುತ್ತಿದ್ದೆ. ಅಂಗಳದ ರಂಗೋಲಿಗೆ ಊರೆಲ್ಲ ತಪ್ಪು ಹುಡುಕುತ್ತದೆ. ಈ ರಂಗೋಲಿ ನೋಡುವವರಿಲ್ಲದೆ ಎಷ್ಟು ಚೆನ್ನಾಗಿ ಬರುತ್ತಿತ್ತೆಂದರೆ, ಅದು ಚೆನ್ನಾಗಿತ್ತು ಎಂಬುದಕ್ಕೆ ಸಾಕ್ಷಿಯೇ ಇಲ್ಲ.

ಆ ಪದ್ಧತಿ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. ಅದು ಕೆಟ್ಟದ್ದು. ಆ ಕೋಣೆಯಲ್ಲಿ ಚಳಿಗೆ ಹಲ್ಲು ಕಡಿದಿದ್ದೇನೆ, ಚೇಳು ಹೊಡೆದಿದ್ದೇನೆ. ನೋವಿನಲ್ಲಿ ಹೊರಳಾಡಿದ ಹುಡುಗಿಯರಿದ್ದಾರೆ. ನನಗೆ ವಿಶ್ರಾಂತಿ ಕೊಡೋಣ ಎಂದು ಯಾವ ಮಹಾರಾಯನೂ ಅದನ್ನು ಕಟ್ಟಲಿಲ್ಲ, ಮೈಲಿಗೆ ಎಂದು ದೂಡಿದರು. ದೂಡಿದ ಕಡೆ ನನಗೆ ಸುಖ ಸಿಕ್ಕಿದ್ದು ಅವರ ಲೆಕ್ಕದಲ್ಲಿರಲಿಲ್ಲ, ಅಷ್ಟೆ. ವಯಸ್ಸಾಗಿ ಅದು ನಿಂತಾಗ ಓರಗೆಯವರೆಲ್ಲ ಸದ್ಯ ಪೀಡೆ ಕಳೆಯಿತು ಅಂದರು. ನನಗೆ ಮಾತ್ರ ಮನೆ ಮುಳುಗಿದ ಹಾಗಾಯಿತು. ನಿಂತ ಮೇಲೂ ಎರಡು ಸಲ ಹೋಗಿ ಕೂತೆ. ಮೂರನೆಯ ಸಲ ಅತ್ತೆ ಬಾಗಿಲಿಗೆ ಬಂದು, "ಏಳು ಸಾಕು, ರಾಗಿ ಕೇರೋದೈತೆ" ಅಂದಳು. ಆ ಮುದುಕಿಗೆ ಮೋಸ ಮಾಡುವುದು ಸುಲಭವಿರಲಿಲ್ಲ.

ಈ ಕೋಣೆಯನ್ನು ಒಡೆಸಬೇಕೆಂದು ನಾಗರತ್ನ ಹಟ ಹಿಡಿದದ್ದು ಈಚೆಗೆ. ಅವಳ ಕಡೆ ನ್ಯಾಯವೇ ಇದೆ. ಅವಳು ಮನೆಮನೆಗೆ ಹೋಗಿ, ಹೆಣ್ಣುಮಕ್ಕಳನ್ನು ಹೊರಗೆ ಕೂರಿಸಬೇಡಿ ಎಂದು ಹೇಳಿ ಬರುತ್ತಾಳೆ. ಹೇಳಿಸಿಕೊಂಡವರು ನಕ್ಕು, "ನಿಮ್ಮನೆ ಹಿತ್ಲಲ್ಲೇ ಐತಲ್ಲ ತಾಯಿ, ಗುಡಿ ಕಟ್ದಂಗೆ" ಅನ್ನುತ್ತಾರೆ. ಅವಳಿಗೆ ಮರ್ಯಾದೆ ಹೋಗುವುದಿಲ್ಲವೇ? "ಒಡ್ದು ಆಟೊ ನಿಲ್ಸಕ್ಕೆ ಶೆಡ್ ಮಾಡಾನ," ಎಂದು ರಂಗನಾಥನನ್ನೂ ಒಪ್ಪಿಸಿದಳು. ಸೋಮವಾರ ಮೇಸ್ತ್ರಿ ಬರುವುದೆಂದು ಗೊತ್ತಾಯಿತು. ನಾನು ಬೇಡ ಅನ್ನಲಿಲ್ಲ. ಯಾಕೆ ಬೇಡ ಎಂದು ಕೇಳಿದರೆ ಏನು ಹೇಳುವುದು? ನಿಮ್ಮಿಂದ ತಪ್ಪಿಸಿಕೊಳ್ಳಲು ಒಂದು ಜಾಗ ಬೇಕು ಅನ್ನುವುದೇ, ದಿನಾ ಮೂರು ಹೊತ್ತು ಅನ್ನ ಹಾಕುವವರಿಗೆ?

ಅದಕ್ಕೇ ಸದ್ದಿಲ್ಲದೆ, ಇರುವಷ್ಟು ದಿನವಾದರೂ ಇರಲಿ ಎಂದು ಒಂದು ಮಧ್ಯಾಹ್ನ ಮಗ ಸೊಸೆ ಕೆಲಸಕ್ಕೆ ಹೋಗಿ, ಅಂಜಿನಮ್ಮ ಊಟ ಮಾಡಿ ಒರಗಿದ ಮೇಲೆ ಒಂದು ಚಾಪೆ, ಒಂದು ಚೊಂಬು ನೀರು, ತಟ್ಟೆಯಲ್ಲಿ ಒಂದಿಷ್ಟು ಕಡಲೇಕಾಯಿ, ಕಾದಂಬರಿ, ಇಷ್ಟು ತೆಗೆದುಕೊಂಡು ಹಿತ್ತಲ ಕೋಣೆಗೆ ಹೋದೆ. ಬಾಗಿಲು ಮುಂದೆ ಮಾಡಿದೆ. ಆ ಕಲ್ಲಿನ ತಂಪು, ಆ ಗವ್ವನೆಯ ಸುಮ್ಮನಿರುವಿಕೆ! ನನ್ನ ಇದ್ದಿಲ ರಂಗೋಲಿಯ ಒಂದು ಬಳ್ಳಿ ಮೂಲೆಯಲ್ಲಿ ಇನ್ನೂ ಉಳಿದಿತ್ತು. ಪುಸ್ತಕ ತೆರೆದು, ಗಂಟಲು ಸರಿಮಾಡಿಕೊಂಡು, "ಆ ಹೆಂಗಸು ಗಂಟನ್ನು" ಎಂದು ಕೂಗಿದೆ. ಬಾಗಿಲು ತೆರೆಯಿತು.

ಅಂಜಿನಮ್ಮ ನಿಂತಿದ್ದಳು. ನನ್ನನ್ನು ನೋಡಿದಳು, ಚಾಪೆ ನೋಡಿದಳು, ತಟ್ಟೆ ಚೊಂಬು ನೋಡಿದಳು. ಅವಳ ಮುಖದಲ್ಲಿ ಲೆಕ್ಕ ನಡೆಯುವುದು ನನಗೆ ಕಂಡಿತು. ಹಿಂದಿನ ಕಾಲದ ಹೆಂಗಸು. ಆ ಕೋಣೆ, ಆ ಚಾಪೆ, ಬೇರೆ ತಟ್ಟೆ, ಅಂದರೆ ಅವಳಿಗೆ ಒಂದೇ ಸುದ್ದಿ. ಎರಡು ಹೆಜ್ಜೆ ಹಿಂದೆ ಸರಿದು, ಸೆರಗು ಬಾಯಿಗೆ ಹಚ್ಚಿ, "ಅಯ್ಯೋ ವದಿನಾ! ಈ ವಯಸ್ಸುಲೋ? ಇದೇಮಿ ಕರ್ಮಂ!" ಅಂದಳು.

"ಏನೂ ಇಲ್ಲ ಹೋಗೇ. ಓದ್ತಾ ಕುಂತಿವ್ನಿ," ಅಂದೆ.

"ನಾಚಿಕೆ ಬ್ಯಾಡ ವದಿನಾ, ನಾನು ಹೆಂಗ್ಸೇ," ಎಂದು ಅವಳು ಅಲ್ಲಿಂದಲೇ ನಾಗರತ್ನನಿಗೆ ಫೋನು ಮಾಡಿದಳು. ಅವಳು ಯಾವುದೋ ಮಗುವಿನ ಬಾಯಿಗೆ ಹನಿ ಹಾಕುತ್ತಿದ್ದವಳು, ಸ್ಕೂಟಿ ತಿರುಗಿಸಿಕೊಂಡು ಧೂಳೆಬ್ಬಿಸಿ ಬಂದಳು.

"ಅತ್ತೆ, ಯಾವಾಗ್ಲಿಂದ ಕಾಣ್ಸ್ಕಂಡೈತೆ? ನಿಂತು ಇಷ್ಟು ವರ್ಷ ಆದ್ಮ್ಯಾಕೆ ಮತ್ತೆ ಬಂದ್ರೆ ಸುಮ್ನೆ ಬುಡಂಗಿಲ್ಲ. ಟ್ರೈನಿಂಗ್ನಾಗೆ ಅದ್ನೇ ಮೊದ್ಲು ಹೇಳವ್ರೆ."

"ಏನೂ ಕಾಣ್ಸ್ಕಂಡಿಲ್ಲ ಕಣಮ್ಮ. ಸುಮ್ಕೆ ಕುಂತಿವ್ನಿ."

"ಸುಮ್ಕೆ ಯಾರಾರ ಈ ರೂಮ್ನಾಗೆ ಕುಂತ್ಕಂತಾರಾ? ಎಲ್ರೂ ಮೊದ್ಲು ಇಂಗೇ ಅನ್ನದು. ದೊಡ್ಡೋರು ಮುಚ್ಚಿಟ್ಟೇ ಕೆಡಿಸ್ಕಳದು."

ಅವಳು ಗದರಿದಳು, ಆದರೆ ಗದರುತ್ತಲೇ ನನ್ನ ಹಣೆ ಮುಟ್ಟಿ, ನಾಡಿ ಹಿಡಿದು ನೋಡಿದಳು. ಆ ಗಾಬರಿ ನೋಡಿ ನಾನು ಸುಮ್ಮನಾದೆ, ಅದೇ ನಾನು ಮಾಡಿದ ತಪ್ಪು. ಸುಮ್ಮನಾದದ್ದನ್ನು ಅವರು ಒಪ್ಪಿಗೆ ಎಂದು ತಿಳಿದರು. ರಂಗನಾಥ ಮೇಕೆ ಇಳಿಸಿ ಬಂದ ಆಟೊಗೆ ಗೋಣಿಚೀಲ ಹಾಸಿ ನನ್ನನ್ನು ಕೂರಿಸಿಕೊಂಡು ತಾಲ್ಲೂಕಿನ ಆಸ್ಪತ್ರೆಗೆ ಹೊರಟ. ದಾರಿಯಲ್ಲಿ ಕಂಡವರಿಗೆಲ್ಲ ಅಂಜಿನಮ್ಮ ಏನೂ ಹೇಳಲಿಲ್ಲ, "ಹೆಂಗಸ್ರ ವಿಷ್ಯ" ಎಂದಷ್ಟೇ ಹೇಳಿದಳು. ಅಷ್ಟು ಸಾಕಾಯಿತು. ಆಶಾ ನಾಗರತ್ನ ಮುದುಕಿ ಅತ್ತೆಯನ್ನು ಹೊರಗೆ ಕೂರಿಸಿದ್ದಾಳಂತೆ ಎಂದು ನಾವು ಆಸ್ಪತ್ರೆ ಮುಟ್ಟುವ ಮೊದಲೇ ಊರಲ್ಲಿ ಹಬ್ಬಿತು.

ಆಸ್ಪತ್ರೆಯಲ್ಲಿ ಹೊಟ್ಟೆ ತುಂಬ ನೀರು ಕುಡಿಸಿ ಸ್ಕ್ಯಾನಿಂಗಿಗೆ ಕಳಿಸಿದರು. ತಣ್ಣನೆಯ ಮಬ್ಬುಗತ್ತಲ ಕೋಣೆ. ಅಲ್ಲಿದ್ದ ಹುಡುಗಿ ನನ್ನ ಹಿಂದೆಯೇ ನುಗ್ಗಿದ ಮೂವರನ್ನೂ, "ಬೇರೆಯೋರೆಲ್ಲ ಹೊರಗಿರಿ" ಎಂದು ದೂಡಿ ಬಾಗಿಲು ಹಾಕಿದಳು. ನನ್ನ ಕಡೆ ತಿರುಗಿ, "ಮಾತಾಡ್ಬೇಡಿ ಅಜ್ಜಿ, ಅಲ್ಲಾಡ್ಬೇಡಿ, ಸುಮ್ನೆ ಮಲ್ಗಿರಿ" ಅಂದಳು. ಇಷ್ಟು ವರ್ಷದಲ್ಲಿ ನನಗೆ ಯಾರಾದರೂ ಇಷ್ಟು ಒಳ್ಳೆಯ ಮಾತು ಹೇಳಿದ್ದರೆ ಕೇಳಿ. ಮೆಷಿನ್ನು ಗುಂಯ್ ಅನ್ನುತ್ತಿತ್ತು, ಹೊಟ್ಟೆಯ ಮೇಲೆ ತಣ್ಣಗೆ ಏನೋ ಓಡಾಡುತ್ತಿತ್ತು, ಬಾಗಿಲ ಆಚೆ ಅಂಜಿನಮ್ಮನ ದನಿ ಬೇರೆ ಊರಿನದು ಎಂಬ ಹಾಗೆ ಕೇಳುತ್ತಿತ್ತು. ಮುಗಿಯಿತು ಏಳಿ ಅಂದಾಗ ಇನ್ನೊಂದು ಸಲ ನೋಡಮ್ಮ, ಸರಿಯಾಗಿ ಕಂಡಿರಲಿಕ್ಕಿಲ್ಲ ಅಂದೆ. ಎಲ್ಲಾ ಸರಿಯಾಗಿದೆ ಅಂದಳು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ನಗುಮುಖ. ಕಾಗದ ನೋಡಿ, "ಏನೂ ತೊಂದ್ರೆ ಇಲ್ವಲ್ಲ ಅಜ್ಜಿ. ಮತ್ಯಾಕೆ ಅಲ್ಲಿ ಹೋಗಿ ಕೂತಿದ್ರಿ?" ಎಂದು ಕೇಳಿದಳು. ಕೇಳುವವರು ಸಿಕ್ಕರಲ್ಲ ಎಂದು ನನಗೆ ಹುರುಪು ಬಂತು.

"ಒಬ್ಳೇ ಇರಾನ ಅಂತ ಕಣವ್ವ," ಅಂದೆ.

ಅವಳ ಪೆನ್ನು ನಿಂತಿತು. "ಯಾರ ಜೊತೆಗೂ ಮಾತಾಡೋದು ಬೇಡ ಅನ್ಸುತ್ತಾ?"

"ಅನ್ನುಸ್ತದೆ."

"ಎಲ್ಲಾ ಬಿಟ್ಟು ಎಲ್ಲಾದ್ರೂ ಹೋಗ್ಬಿಡೋಣ ಅನ್ಸುತ್ತಾ?"

"ದಿನಾ ಅನ್ನುಸ್ತದೆ."

"ಯಾವಾಗಿಂದ ಅಜ್ಜಿ?"

"ಮದ್ವೆ ಆದಾಗ್ಲಿಂದ."

ಡಾಕ್ಟರಮ್ಮನದು ಏನೂ ತಪ್ಪಿಲ್ಲ. ನಾನು ಹೇಳಿದ್ದನ್ನು ಹಾಗೇ ಬರೆದರೆ ಯಾರಿಗಾದರೂ ಅದು ಕಾಯಿಲೆಯೆಂದೇ ಕಾಣುತ್ತದೆ. ಅವಳು ನನ್ನನ್ನು ಹೊರಗೆ ಕೂರಿಸಿ, ನಾಗರತ್ನ ರಂಗನಾಥ ಇಬ್ಬರನ್ನೂ ಕರೆದು ಮೆಲ್ಲಗೆ ಹೇಳಿದ್ದು ಪೂರಾ ನನಗೆ ಕೇಳಿಸಿತು. ಅಜ್ಜಿಗೆ ಮನಸ್ಸು ಕುಗ್ಗಿದೆ, ಇದು ವಯಸ್ಸಾದವರಿಗೆ ಬರುವುದೇ. ಅವರಿಗೆ ಇಷ್ಟವಾದ ಜಾಗದಲ್ಲಿ ಕೂರಲು ಬಿಡಿ, ಬಲವಂತ ಮಾಡಬೇಡಿ. ಆದರೆ ಒಂದು ನಿಮಿಷವೂ ಒಬ್ಬರನ್ನೇ ಬಿಡಬೇಡಿ. ಯಾರಾದರೂ ಜೊತೆಗಿದ್ದು ಮಾತಾಡಿಸುತ್ತಿರಿ.

ಒಂದು ನಿಮಿಷವೂ! ಗೋಡೆಗೆ ತಲೆ ಒರಗಿಸಿ ಕಣ್ಣು ಮುಚ್ಚಿಕೊಂಡೆ. ಅಂಜಿನಮ್ಮ ಕೂಡಲೇ ನನ್ನ ಭುಜ ಅಲ್ಲಾಡಿಸಿ, "ವದಿನಾ, ಮಾತಾಡು, ಮಾತಾಡು" ಅಂದಳು.

ಅವತ್ತಿನಿಂದ ನನಗೆ ಪಾಳಿ ಶುರುವಾಯಿತು. ಬೆಳಿಗ್ಗೆ ಅಂಜಿನಮ್ಮ, ಮಧ್ಯಾಹ್ನ ನಾಗರತ್ನ, ಸಂಜೆ ರಂಗನಾಥ. ಸೋಮವಾರ ಮೇಸ್ತ್ರಿ ಬಂದಾಗ ನಾಗರತ್ನ, "ಈಗ ಬ್ಯಾಡ, ಅತ್ತೆಗೆ ಆ ರೂಮ್ನಾಗೆ ಕುಂತ್ರೇ ಸಮಾಧಾನವಂತೆ. ವಾಸಿ ಆದ್ಮ್ಯಾಕೆ ನೋಡಾನ" ಎಂದು ವಾಪಸ್ಸು ಕಳಿಸಿದಳು. ನನ್ನ ಕೋಣೆ ಉಳಿಯಿತು. ಆದರೆ ಉಳಿದ ಕೋಣೆಗೆ ಮಗ ಬಲ್ಬು ಹಾಕಿಸಿದ, ಫ್ಯಾನು ಹಾಕಿಸಿದ, ಬಂದವರು ಕೂರಲೆಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟ. ನನ್ನ ಇದ್ದಿಲ ಬಳ್ಳಿಗೆ ಸುಣ್ಣ ಬಳಿದ. ಆಮೇಲೆ ಅವ್ವನಿಗೆ ಬೇಸರ ಆಗಬಾರದೆಂದು ನಡುಮನೆಯ ಟಿ.ವಿ.ಯನ್ನೇ ಎತ್ತಿ ತಂದು ಆ ಗೋಡೆಗೆ ನೇತುಹಾಕಿದ. ಟಿ.ವಿ. ಬಂದ ಮೇಲೆ ಅಕ್ಕಪಕ್ಕದವರೂ ಬಂದರು. "ಅಜ್ಜೀನ ಮಾತಾಡ್ಸಾನ ಅಂತ" ಬಂದವರು ಧಾರಾವಾಹಿ ಮುಗಿಯುವವರೆಗೂ ನನ್ನ ಕಡೆ ತಿರುಗುತ್ತಿರಲಿಲ್ಲ, ಅದೊಂದು ಪುಣ್ಯ. ಶಿರಾದ ಹೆಂಗಸೂ ಫೋನಿನಲ್ಲಿ ಬಂದಳು. ಸಂಜೆಯ ಪಾಳಿಯಲ್ಲಿ ಮಗ ಮೊಬೈಲಿನಲ್ಲಿ ಜನ ಬೀಳುವ ವೀಡಿಯೊ ಹಾಕಿ, "ನೋಡವ್ವ, ನಗು ಬತ್ತದೆ" ಎಂದು ನನ್ನ ಮೂಗಿಗೆ ಹಿಡಿಯುತ್ತಿದ್ದ. ಬಿದ್ದವರನ್ನು ನೋಡಿ ಯಾಕೆ ನಗಬೇಕೋ ನನಗೆ ಗೊತ್ತಾಗಲಿಲ್ಲ. ನಾನೂ ಬಿದ್ದವಳೇ.

ಈಗ ನೀವೇ ಹೇಳಿ. ನಾನು ಹುಷಾರಾಗಿದ್ದೇನೆ, ಪಾಳಿ ಸಾಕು ಅಂದರೆ ಮೇಸ್ತ್ರಿ ಬರುತ್ತಾನೆ, ಕೋಣೆ ಹೋಗುತ್ತದೆ. ಕಾಯಿಲೆಯೇ ಇರಲಿ ಅಂದರೆ ಕೋಣೆ ಇರುತ್ತದೆ, ಅದರ ತುಂಬ ಜನವಿರುತ್ತಾರೆ. ಹೀಗೊಂದು ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳಲು ನಾನು ಎಪ್ಪತ್ತು ವರ್ಷ ಬದುಕಿದೆ.

ಮಧ್ಯಾಹ್ನದ ಪಾಳಿ ಮಾತ್ರ ಸ್ವಲ್ಪ ಬೇರೆಯಾಗಿತ್ತು. ಮೊದಮೊದಲು ನಾಗರತ್ನ ಡಾಕ್ಟರಮ್ಮ ಹೇಳಿದ ಹಾಗೆ ಬಿಡದೆ ಮಾತಾಡಿಸಿದಳು. ಊರಿನ ಹೆರಿಗೆಗಳನ್ನೆಲ್ಲ ಹೇಳಿ ಮುಗಿಸಿದಳು. ಆಮೇಲೊಂದು ದಿನ ಬಂದವಳೇ ಟಿ.ವಿ. ಆರಿಸಿ, ಬಾಗಿಲು ಹಾಕಿ, ಫೋನನ್ನು ಸದ್ದು ತೆಗೆದು ಬೋರಲು ಹಾಕಿದಳು. ಅಂಜಿನಮ್ಮ ಆಚೆಯಿಂದ, "ನಾಗರತ್ನಾ, ಬೆಲ್ಲ ಎಲ್ಲಿಟ್ಟಿ?" ಎಂದು ಕೂಗಿದಳು. ನಾಗರತ್ನ, "ನಾನು ಅತ್ತೆ ತಾವ ಕುಂತಿವ್ನಿ, ಎದ್ದು ಬರಂಗಿಲ್ಲ, ಡಾಕ್ಟ್ರು ಹೇಳವ್ರೆ!" ಎಂದು ಕೂಗಿ ಹೇಳಿ, ಚಾಪೆಯ ಮೇಲೆ ಕಾಲು ಚಾಚಿದಳು. ಮುಖದಲ್ಲಿ ಎಂಥ ಸುಖ! ಆ ಸುಖವನ್ನು ನಾನು ಬಲ್ಲೆ, ಅದು ಈ ಕೋಣೆಯಲ್ಲಿ ನಾನು ಕಂಡ ಮೂರನೆಯ ತಿಂಗಳಿನದು. ನನ್ನ ಕಾಯಿಲೆಯ ಫಲವೆಲ್ಲ ಅವಳು ಉಣ್ಣುತ್ತಿದ್ದಳು. ಐದು ನಿಮಿಷದಲ್ಲಿ ಗೊರಕೆ ಬಂತು.

ನಾನು ಅವಳನ್ನು ಎಬ್ಬಿಸಲಿಲ್ಲ. ಕನಿಕರದಿಂದಲ್ಲ. ಎದ್ದರೆ ಮತ್ತೆ ಹೆರಿಗೆಗಳು ಶುರುವಾಗುತ್ತವೆ. ಇಷ್ಟು ನಿಶ್ಶಬ್ದ ಸಿಕ್ಕಿದೆ, ಕೈಯಲ್ಲಿ ಕಾದಂಬರಿ ಇದೆ, ಆ ಹೆಂಗಸು ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಾಳೆ, ಆದರೆ ಓದಬೇಕಾದರೆ ನಾನು ಕೂಗಬೇಕು. ಕೂಗಿದರೆ ಇವಳು ಏಳುತ್ತಾಳೆ. ಹಣೆ ಚಚ್ಚಿಕೊಳ್ಳೋಣ ಅನ್ನಿಸಿತು, ಅದಕ್ಕೂ ಸದ್ದಾಗುತ್ತದೆ. ಕೊನೆಗೆ ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡು ಪುಸ್ತಕ ತೆರೆದೆ. ಮೊದಲು ಬರಿಯ ಇರುವೆ ಸಾಲು. ಗಂಟಲಲ್ಲೇ ಅಂದುಕೊಂಡೆ. ಗಂಟಲು ನೋಯಿತು. ನಾಲಿಗೆಯಲ್ಲೇ ಅಂದುಕೊಂಡೆ. ನಾಲಿಗೆಗೆ ಬಟ್ಟೆ ಅಡ್ಡ ಬಂತು. ಒಂದು ಸಾಲಿಗೆ ಬೆವರು ಕಿತ್ತಿತು. ಆಮೇಲೆ ಯಾವಾಗಲೋ, ಯಾವ ಸಾಲಿನಲ್ಲೋ ತಿಳಿಯದು, ನಾಲಿಗೆ ನಿಂತೇ ಹೋಗಿದೆ, ಅಕ್ಷರ ಮಾತ್ರ ಕಣ್ಣಿನಿಂದ ನೇರವಾಗಿ ಒಳಗೆ ಇಳಿಯುತ್ತಿದೆ. ಸೆರಗು ತೆಗೆದೆ. ಬಾಯಿ ಮುಚ್ಚಿಯೇ ಇತ್ತು. ಒಳಗೆ ಯಾರೋ ಓದುತ್ತಿದ್ದರು. ಆ ದನಿ ನನ್ನದೇ, ಆದರೆ ಹಲ್ಲು ಬಿದ್ದ ದನಿಯಲ್ಲ.

ಕಲಿತವರು ಸುಮ್ಮನೆ ಕೂತು ಮಾಡುತ್ತಿದ್ದದ್ದು ಇದನ್ನೇ! ತುಂಬಿದ ಬಸ್ಸಿನಲ್ಲಿ, ತುಂಬಿದ ಮನೆಯಲ್ಲಿ, ಎಲ್ಲರ ಕಣ್ಣ ಮುಂದೆಯೇ ಎದ್ದು ಹೋಗಿಬಿಡುತ್ತಾರೆ, ಒಬ್ಬರಿಗೂ ಗೊತ್ತಾಗುವುದಿಲ್ಲ. ಎಂಥ ಕಳ್ಳರು. ಚಪ್ಪಡಿಯೂ ಬೇಡ, ಬಾಗಿಲೂ ಬೇಡ. ಇಷ್ಟು ವರ್ಷ ಹೇಳದೆ ಮುಚ್ಚಿಟ್ಟುಕೊಂಡರಲ್ಲ ಎಂದು ಸಿಟ್ಟೇ ಬಂತು. ಸಿಟ್ಟಿನಲ್ಲೇ ಪುಟ ತಿರುಗಿಸಿದೆ. ಆ ಹೆಂಗಸು ಸುತ್ತ ಒಂದು ಸಲ ನೋಡಿ ಗಂಟಿನ ಮೊದಲ ಕುಣಿಕೆ ಬಿಚ್ಚಿದಳು. ಅಂಜಿನಮ್ಮನಿಲ್ಲ, ರಂಗನಾಥನಿಲ್ಲ, ಬಂಗಾರ ಅನ್ನುವವರಿಲ್ಲ, ಮಗು ಅನ್ನುವವರಿಲ್ಲ. ಅವಳು, ನಾನು, ಗಂಟು. ಎರಡನೆಯ ಕುಣಿಕೆ ಬಿಚ್ಚಿದಳು. ಒಳಗೆ ಏನಿತ್ತೆಂದು ನಾನು ಓದಿದೆ.

ಆ ಹೊತ್ತಿಗೆ ಅಂಜಿನಮ್ಮ ಕಾಫಿ ಹಿಡಿದು ಬಾಗಿಲು ತೆಗೆದಳು. ಮುಂದೆ ಪುಸ್ತಕ ತೆರೆದಿದೆ, ನನ್ನ ಕಣ್ಣು ಅದರ ಮೇಲಿದೆ, ದನಿ ಇಲ್ಲ, ತುಟಿ ಅಲ್ಲಾಡುತ್ತಿಲ್ಲ. ಇಷ್ಟು ವರ್ಷದಲ್ಲಿ ಅವಳು ಕಂಡಿರದ ನೋಟ. "ವದಿನಾ?" ಅಂದಳು. ನಾನು ತಾಳು ಎಂದು ಕೈ ತೋರಿಸಿದೆ, ಸಾಲು ಇನ್ನೂ ಮುಗಿದಿರಲಿಲ್ಲ. ಲೋಟ ಕೈಜಾರಿ ಠಣ್ ಎಂದು ಬಿತ್ತು. "ಅಯ್ಯೋ ನಾಗರತ್ನಾ! ವದಿನಕಿ ಮಾಟ ಪಡಿಪೋಯಿಂದಿ! ಮಾತು ಬಿದ್ದೋಯ್ತು!"

ನಾಗರತ್ನ ಧಡಕ್ಕನೆ ಎದ್ದಳು. ಲಕ್ವ ಹೊಡೆದಿದೆಯಾ ಎಂದು ನೋಡುವುದಕ್ಕೂ ಅವಳಿಗೆ ಟ್ರೈನಿಂಗು ಆಗಿತ್ತು. "ಅತ್ತೆ, ನನ್ ಮುಖ ನೋಡಿ. ನಗಿ. ನಗಿ ಅತ್ತೆ!" ಅಂದಳು. ನಗು ಎಂದು ನನಗೆ ಆ ಮನೆಯಲ್ಲಿ ಯಾರೂ ಅದುವರೆಗೆ ಅಪ್ಪಣೆ ಕೊಟ್ಟಿರಲಿಲ್ಲ. ಪ್ರಯತ್ನಪಟ್ಟೆ. ಅಭ್ಯಾಸವಿಲ್ಲದ ಬಾಯಿ ಒಂದು ಪಕ್ಕಕ್ಕೆ ಹೋಯಿತು. "ವಾಲ್ಕಂಡೈತೆ!" ಎಂದು ಅವಳು ಕಿರುಚಿದಳು. ಬಾಯಿ ಬಿಡಲು ಹೋದೆ. ಹಾಗೇ ನಿಲ್ಲಿಸಿದೆ. ಬಾಯಿಬಿಟ್ಟರೆ ಅತ್ತೆ ಹುಷಾರು ಅನ್ನುತ್ತಾರೆ. ಹುಷಾರು ಅಂದರೆ ಮೇಸ್ತ್ರಿ ಬರುತ್ತಾನೆ. ಅವನು ಬಂದರೆ ಈ ಕೋಣೆ ಹೋಗುತ್ತದೆ, ನನಗಷ್ಟೇ ಅಲ್ಲ, ಆ ಗೊರಕೆ ಹೊಡೆಯುವವಳಿಗೂ ಹೋಗುತ್ತದೆ. ಆಸ್ಪತ್ರೆಯಲ್ಲಾದರೆ ಬಾಗಿಲು ಹಾಕಿ ಎಲ್ಲರನ್ನೂ ಹೊರಗಿಡುವ ಹುಡುಗಿಯಿದ್ದಾಳೆ. ಆಮೇಲೆ ಇವರು ನನ್ನನ್ನು ಬಚ್ಚಲಿಗೂ ಒಬ್ಬಳನ್ನೇ ಬಿಡುವುದಿಲ್ಲ, ಗೊತ್ತು. ಅದು ಆಮೇಲಿನ ಮಾತು.

ಗಂಟಿನಲ್ಲಿ ಏನಿತ್ತೆಂದು ನೀವೂ ಕೇಳುತ್ತೀರಿ. ಕೇಳಬೇಡಿ. ಅದೊಂದು ನನಗೊಬ್ಬಳಿಗೇ ಗೊತ್ತಿರಲಿ. ಆಟೊ ಹೊರಟಿತು. ಅಂಜಿನಮ್ಮ ಒಂದು ಕೈ ಹಿಡಿದಿದ್ದಳು, ನಾಗರತ್ನ ಇನ್ನೊಂದು ಕೈ ಹಿಡಿದಿದ್ದಳು. ಭಯ ಬಿದ್ದಿದ್ದಾಳೆ ಅಂದಳು ಒಬ್ಬಳು, ಬಿ.ಪಿ. ಏರಿದೆ ಅಂದಳು ಇನ್ನೊಬ್ಬಳು, ಚಿಂತೆಗೆ ಹೀಗಾಗಿದೆ ಎಂದು ಮಗ ಮುಂದಿನಿಂದ ಕೂಗಿದ. ಲಗೇಜಿನ ಜಾಗದಲ್ಲಿ ನಾನು ಕುಣಿಕೆ ಬಿಗಿದ ಗಂಟಿನ ಹಾಗೆ ಕೂತಿದ್ದೆ. ಒಳಗೇನಿದೆಯೆಂದು ಅವರವರಿಗೆ ತೋಚಿದ್ದನ್ನು ಅವರವರು ಹೇಳುತ್ತಿದ್ದರು. ನಾನು ಬಿಚ್ಚಲಿಲ್ಲ.